ಒಂದೇ ಗಾಳಿ, ಮೂರು ತೂಕ: ಮಾನಕದ ಆವೃತ್ತಿಗಳು ಮತ್ತು ಕೊಂಕಲ್ ಸೀಮೆಯ ತಗಡಿನ ಶೆಡ್

ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಯಾದಗಿರಿ ಜಿಲ್ಲೆಯಲ್ಲಿ ಏಳುವ ಬಿರುಗಾಳಿ ಬಹಳ ಹೊತ್ತು ಇರುವುದಿಲ್ಲ. ಮೋಡ ಕವಿದು, ಧೂಳೆದ್ದು, ನಾಲ್ಕು ದಪ್ಪ ಹನಿ ಬೀಳುವಷ್ಟರಲ್ಲಿ ಅದರ ಆರ್ಭಟ ಮುಗಿದಿರುತ್ತದೆ. ಅಷ್ಟರೊಳಗೆ ಯಾರದೋ ಪತ್ರಾಸು ಕಿತ್ತು ಪಕ್ಕದ ಹೊಲಕ್ಕೆ ಬಿದ್ದಿರುತ್ತದೆ. ಕೊಂಕಲ್, ಗುರುಮಠಕಲ್, ಶಹಾಪುರ, ಸುರಪುರದ ಕಡೆ ತಗಡಿನ ಮೇಲೆ ಕಲ್ಲು ಹೇರಿದ ಮನೆಗಳು ಅಪರೂಪವಲ್ಲ. ಆ ಕಲ್ಲು ಎಷ್ಟು ಭಾರ ಇದ್ದರೆ ಸಾಕು?

ಈ ಪ್ರಶ್ನೆಗೆ ಎಂಜಿನಿಯರುಗಳು ಉತ್ತರ ಹುಡುಕುವುದು ‘ಐಎಸ್ 875, ಭಾಗ 3’ ಎಂಬ ಭಾರತೀಯ ಮಾನಕದಲ್ಲಿ. ಕಟ್ಟಡದ ಮೇಲೆ ಗಾಳಿ ಹೇರುವ ಹೊರೆಯನ್ನು, ಅಂದರೆ ಗಾಳಿಭಾರವನ್ನು, ಲೆಕ್ಕ ಹಾಕುವ ವಿಧಾನ ಅದರಲ್ಲಿದೆ. ಆದರೆ ಐಎಸ್ 875ರ 1964, 1987 ಮತ್ತು 2015ರ ಆವೃತ್ತಿಗಳನ್ನು ಮುಂದಿಟ್ಟುಕೊಂಡು ಒಂದೇ ಶೆಡ್ಡಿಗೆ ಲೆಕ್ಕ ಹಾಕಿದರೆ ಮೂರು ಬೇರೆ ಬೇರೆ ಅಂಕಿಗಳು ಬರುತ್ತವೆ. ಗಾಳಿ ಅದೇ, ಊರೂ ಅದೇ. ಅಂಕಿ ಯಾಕೆ ಬದಲಾಯಿತು, ಯಾವುದನ್ನು ನಂಬಬೇಕು ಎಂಬುದನ್ನು ಇಲ್ಲಿ ನೋಡೋಣ.

## ಗಾಳಿಗೆ ತೂಕ ಬರುವುದು ಹೇಗೆ

ಚಲಿಸುವ ಗಾಳಿಗೆ ಗೋಡೆಯೋ ಚಾವಣಿಯೋ ಅಡ್ಡ ಬಂದಾಗ ಒತ್ತಡ ಹುಟ್ಟುತ್ತದೆ. ಈ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಭಾರತೀಯ ಮಾನಕದ ಸೂತ್ರ ಸರಳ: ವೇಗವನ್ನು ಸೆಕೆಂಡಿಗೆ ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ನ್ಯೂಟನ್ ಒತ್ತಡ ಎಂಬುದು ಸಿಗುತ್ತದೆ. ಒಂದು ಕಿಲೋ ತೂಕವೆಂದರೆ ಸುಮಾರು 9.8 ನ್ಯೂಟನ್.

ಗಾಳಿ ಕಟ್ಟಡವನ್ನು ತಳ್ಳುವುದಷ್ಟೇ ಅಲ್ಲ, ಎಳೆಯುತ್ತದೆ ಕೂಡ. ಸ್ವಲ್ಪವೇ ಇಳಿಜಾರಿರುವ ಚಾವಣಿಯ ಮೇಲೆ ಗಾಳಿ ಹಾಯುವಾಗ ಅಲ್ಲಿ ಒತ್ತಡ ತಗ್ಗಿ ತಗಡು ಮೇಲಕ್ಕೆ ಸೆಳೆಯಲ್ಪಡುತ್ತದೆ. ಅದೇ ಹೊತ್ತಿಗೆ ತೆರೆದ ಬಾಗಿಲಿನಿಂದ ಒಳಹೊಕ್ಕ ಗಾಳಿ ಕೆಳಗಿನಿಂದ ದೂಡುತ್ತದೆ. ತಗಡು ಹಾರುವುದು ಈ ಎರಡೂ ಸೇರಿದಾಗ.

## 1964: ಒತ್ತಡದ ನಕ್ಷೆ, ಅದೂ ಎರಡು

ಐಎಸ್ 875 ಮೊದಲು ಬಂದದ್ದು 1957ರಲ್ಲಿ, ಪರಿಷ್ಕರಣೆಗೊಂಡದ್ದು 1964ರಲ್ಲಿ. ಆಗ ಮಾನಕ ರೂಪಿಸುತ್ತಿದ್ದ ಸಂಸ್ಥೆಯ ಹೆಸರು ಭಾರತೀಯ ಮಾನಕ ಸಂಸ್ಥೆ, ಅಂದರೆ ಐಎಸ್‌ಐ. 1964ರ ಆವೃತ್ತಿ ನಕ್ಷೆಯಲ್ಲಿ ಕೊಟ್ಟದ್ದು ಗಾಳಿಯ ವೇಗವನ್ನಲ್ಲ, ನೇರವಾಗಿ ಒತ್ತಡವನ್ನು. ಚದರ ಮೀಟರಿಗೆ 100, 150, 200 ಕೆ.ಜಿ. ಎಂಬ ಮೆಟ್ಟಿಲುಗಳಲ್ಲಿ ದೇಶ ಹಂಚಿಹೋಗಿತ್ತು.

ಅದರಲ್ಲಿ ನಕ್ಷೆಗಳೇ ಎರಡಿದ್ದವು. ಅಲ್ಪಾವಧಿಯ ಬಿರುಗಾಳಿಗಳನ್ನು ಸೇರಿಸಿಕೊಂಡದ್ದು ಒಂದು, ಅವನ್ನು ಬಿಟ್ಟದ್ದು ಇನ್ನೊಂದು. ಕೆಲವೇ ನಿಮಿಷ ಬೀಸಿ ನಿಲ್ಲುವ ಗಾಳಿಯನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬ ನಿರ್ಧಾರದಿಂದ ಒಂದೇ ಪುಸ್ತಕದೊಳಗೇ ಎರಡು ಅಂಕಿಗಳು ಹುಟ್ಟಿದ್ದವು. ಆದರೆ ಯಾದಗಿರಿಯ ಹೊಲದ ಶೆಡ್ಡನ್ನು ಕೆಡವುವುದು ಇಡೀ ದಿನ ಬೀಸುವ ಗಾಳಿಯಲ್ಲ, ಆ ನಾಲ್ಕು ನಿಮಿಷದ್ದೇ. ಎರಡನೆಯ ನಕ್ಷೆಯನ್ನು ಹಿಡಿದು ಲೆಕ್ಕ ಹಾಕಿದವರ ಕಾಗದದಲ್ಲಿ ಅದು ಬೀಸುತ್ತಲೇ ಇರಲಿಲ್ಲ.

## 1987: ಒತ್ತಡದಿಂದ ವೇಗಕ್ಕೆ

1987ರ ಏಪ್ರಿಲ್ 1ರಂದು ಐಎಸ್‌ಐ ಭಾರತೀಯ ಮಾನಕ ಬ್ಯೂರೋ ಆಯಿತು. ಅದೇ ವರ್ಷದ ಪರಿಷ್ಕರಣೆಯಲ್ಲಿ ಗಾಳಿಭಾರಕ್ಕೆ ಪ್ರತ್ಯೇಕ ಭಾಗವೇ, ಭಾಗ 3, ಮೀಸಲಾಯಿತು. ಎರಡು ನಕ್ಷೆ ಹೋಗಿ ಒಂದೇ ನಕ್ಷೆ ಬಂತು. ಒತ್ತಡದ ಬದಲು ವೇಗ ಬಂತು.

ಈ ಮೂಲ ವೇಗಕ್ಕೆ ಖಚಿತ ವ್ಯಾಖ್ಯೆಯಿದೆ: ಬಯಲಿನಲ್ಲಿ, ನೆಲದಿಂದ 10 ಮೀಟರ್ ಎತ್ತರದಲ್ಲಿ, ಸುಮಾರು 3 ಸೆಕೆಂಡಿನ ಸರಾಸರಿಯಾಗಿ ಅಳೆದ, 50 ವರ್ಷದ ಮರುಕಳಿಕೆ ಅವಧಿಯ ಗರಿಷ್ಠ ಗಾಳಿ. ಮೂರೇ ಸೆಕೆಂಡಿನ ಸರಾಸರಿ ಎಂದ ಮೇಲೆ ಬಿರುಗಾಳಿಯ ಒಂದು ಬೀಸೂ ಲೆಕ್ಕಕ್ಕೆ ಬಂದಂತಾಯಿತು. ಹವಾಮಾನ ಇಲಾಖೆಯ 43 ಗಾಳಿಮಾಪನ ಕೇಂದ್ರಗಳ ದಾಖಲೆಯ ಆಧಾರದಲ್ಲಿ ದೇಶವನ್ನು ಆರು ವಲಯಗಳಾಗಿ ಹಂಚಲಾಯಿತು: ಸೆಕೆಂಡಿಗೆ 33, 39, 44, 47, 50 ಮತ್ತು 55 ಮೀಟರ್. ಗಂಟೆಯ ಲೆಕ್ಕದಲ್ಲಿ ಹೇಳಿದರೆ 33 ಎಂದರೆ ಸುಮಾರು 119 ಕಿ.ಮೀ., 39 ಎಂದರೆ 140 ಕಿ.ಮೀ., 44 ಎಂದರೆ 158 ಕಿ.ಮೀ.

ನಕ್ಷೆಯ ವೇಗವನ್ನು ಹಾಗೇ ಬಳಸುವುದಿಲ್ಲ, ಮೂರು ಗುಣಕಗಳಿಂದ ತಿದ್ದುತ್ತಾರೆ. ಮೊದಲನೆಯದು ಕಟ್ಟಡದ ಆಯಸ್ಸು ಮತ್ತು ಮಹತ್ವಕ್ಕೆ ಸಂಬಂಧಿಸಿದ್ದು. ಎರಡನೆಯದು ಸುತ್ತಲಿನ ನೆಲದ ಒರಟುತನ ಮತ್ತು ಎತ್ತರಕ್ಕೆ ಸಂಬಂಧಿಸಿದ್ದು. ಬಟಾಬಯಲಿನಲ್ಲಿ ಗಾಳಿ ಜೋರು, ಒತ್ತೊತ್ತಾಗಿ ಮನೆಗಳಿರುವ ಪೇಟೆಯಲ್ಲಿ ಕಡಿಮೆ. ಮೂರನೆಯದು ಗುಡ್ಡ, ದಿಬ್ಬಗಳಿಗೆ ಸಂಬಂಧಿಸಿದ್ದು. ಸಪಾಟು ಎರೆಹೊಲದಲ್ಲಿ ಇದು 1. ಗುಡ್ಡದ ನೆತ್ತಿಯಲ್ಲಿ 1.36ರವರೆಗೂ ಏರಬಹುದು.

ಈಗ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಡಬಹುದು. 39 ಮೀಟರ್ ವೇಗದ ಮೂಲ ಒತ್ತಡ 913 ನ್ಯೂಟನ್, ಅಂದರೆ ಚದರ ಮೀಟರಿಗೆ 93 ಕೆ.ಜಿ. 44ಕ್ಕೆ 118 ಕೆ.ಜಿ., 33ಕ್ಕೆ 67 ಕೆ.ಜಿ. ಹಳೆಯ ನಕ್ಷೆಯ 100 ಕೆ.ಜಿ.ಯನ್ನು ವೇಗಕ್ಕೆ ತಿರುಗಿಸಿದರೆ ಸುಮಾರು 40 ಮೀಟರ್ ಬರುತ್ತದೆ. ಹಾಗಾಗಿ 100 ಕೆ.ಜಿ. ವಲಯದಲ್ಲಿದ್ದ ಒಂದು ಊರು 33ರ ವಲಯಕ್ಕೆ ಬಿದ್ದರೆ ಮೂಲ ಒತ್ತಡ ಮೂರನೇ ಒಂದು ಭಾಗ ಇಳಿಯುತ್ತದೆ, 44ಕ್ಕೆ ಬಿದ್ದರೆ ಏರುತ್ತದೆ. ಗಾಳಿ ಬದಲಾದದ್ದರಿಂದ ಈ ಏರಿಳಿತ ಆದದ್ದಲ್ಲ. ಅಳೆಯುವ ಗಡಿಯಾರ, ಲೆಕ್ಕದ ಅವಧಿ, ದಾಖಲೆಯ ಪ್ರಮಾಣ ಮೂರೂ ಬದಲಾದವು.

## 2015: ಕಡಿತಗಳೂ ಸೇರ್ಪಡೆಯೂ

1987ರ ಆವೃತ್ತಿ ಸುಮಾರು ಮೂರು ದಶಕ ಚಾಲ್ತಿಯಲ್ಲಿತ್ತು. ಆ ನಡುವೆ ಐಐಟಿ ಕಾನ್ಪುರ ಮತ್ತು ಗುಜರಾತ್ ವಿಪತ್ತು ನಿರ್ವಹಣಾ ಪ್ರಾಧಿಕಾರದ ಜಂಟಿ ಯೋಜನೆಯಲ್ಲಿ ಪರಿಷ್ಕರಣೆಯ ಕರಡೊಂದು ಸಿದ್ಧವಾಯಿತು. 2009ರಲ್ಲಿ ಚೆನ್ನೈನ ರಚನಾ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 70 ಹವಾಮಾನ ಕೇಂದ್ರಗಳ ದೀರ್ಘಕಾಲದ ದಾಖಲೆಯನ್ನು ಪರಿಶೀಲಿಸಿ, ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ವೇಗದ ನಕ್ಷೆಯನ್ನು ಮತ್ತೆ ನೋಡಬೇಕಾದ ಅಗತ್ಯವನ್ನು ಮುಂದಿಟ್ಟರು.

2015ರ ಆವೃತ್ತಿ ಮೂಲ ಸೂತ್ರವನ್ನು ಉಳಿಸಿಕೊಂಡು ಅದರ ಹಿಂದೆ ಮುಂದೆ ಹೊಸ ಗುಣಕಗಳನ್ನು ಕೂಡಿಸಿತು.

ವೇಗಕ್ಕೆ ಸೇರಿದ ನಾಲ್ಕನೆಯ ಗುಣಕ ಚಂಡಮಾರುತಕ್ಕೆ ಸಂಬಂಧಿಸಿದ್ದು. ಪೂರ್ವ ಕರಾವಳಿ ಮತ್ತು ಗುಜರಾತ್ ಕರಾವಳಿಯ 60 ಕಿ.ಮೀ. ಅಗಲದ ಪಟ್ಟಿಯಲ್ಲಿ, ಚಂಡಮಾರುತದ ನಂತರವೂ ಕೆಲಸ ಮಾಡಲೇಬೇಕಾದ ಕಟ್ಟಡಗಳಿಗೆ 1.30, ಕೈಗಾರಿಕಾ ಕಟ್ಟಡಗಳಿಗೆ 1.15. ಒಳನಾಡಿನ ಯಾದಗಿರಿಗೆ ಇದು 1, ಅಂದರೆ ವ್ಯತ್ಯಾಸವಿಲ್ಲ. ಮಂಗಳೂರಿನ ಕರಾವಳಿಯೂ ಆ ಪಟ್ಟಿಯಲ್ಲಿಲ್ಲ.

ಒತ್ತಡಕ್ಕೆ ಸೇರಿದ ಗುಣಕಗಳು ಮೂರು, ಮೂರೂ ಕಡಿತದವು. ಮೊದಲನೆಯದು ದಿಕ್ಕಿನದು. ಅತಿ ಜೋರಿನ ಗಾಳಿ ಕಟ್ಟಡದ ಅತಿ ದುರ್ಬಲ ದಿಕ್ಕಿನಿಂದಲೇ ಬರುವ ಸಂಭವ ಕಡಿಮೆಯೆಂದು ಸಾಮಾನ್ಯ ಕಟ್ಟಡಕ್ಕೆ 0.9. ಚಂಡಮಾರುತದ ಪ್ರದೇಶಕ್ಕೆ ಈ ರಿಯಾಯಿತಿ ಇಲ್ಲ. ಎರಡನೆಯದು ವಿಸ್ತೀರ್ಣದ್ದು. ಗಾಳಿಯ ಒಂದು ಬೀಸು ಸಣ್ಣ ತಗಡನ್ನು ಪೂರ್ತಿ ಹಿಡಿಯುತ್ತದೆ, ದೊಡ್ಡ ಗೋಡೆಯನ್ನು ಏಕಕಾಲಕ್ಕೆ ಹಿಡಿಯಲಾರದು. ಆದ್ದರಿಂದ 10 ಚದರ ಮೀಟರಿನವರೆಗೆ 1, 25ಕ್ಕೆ 0.9, 100 ಮತ್ತು ಅದಕ್ಕಿಂತ ಹೆಚ್ಚಿಗೆ 0.8. ಮೂರನೆಯದು ಚಾವಣಿಯ ಮೇಲಿನ ಎಳೆತ ಮತ್ತು ಒಳಗಿನ ತಳ್ಳು ಒಂದೇ ಕ್ಷಣಕ್ಕೆ ಪರಾಕಾಷ್ಠೆ ಮುಟ್ಟುವುದಿಲ್ಲವೆಂದು ಚೌಕಟ್ಟಿನ ಲೆಕ್ಕಕ್ಕೆ ಕೊಡುವ 0.9. ಎಲ್ಲ ಕಡಿತ ಸೇರಿದರೂ ಒತ್ತಡ ಶೇ 70ಕ್ಕಿಂತ ಕೆಳಗಿಳಿಯಬಾರದು ಎಂಬ ಕಟ್ಟಳೆಯೂ ಜೊತೆಗಿದೆ.

ವಿಸ್ತೀರ್ಣದ ವಿಚಾರ ಹೊಸದೇನಲ್ಲ. ಸ್ಕಾಟ್ಲೆಂಡಿನಲ್ಲಿ 1879ರಲ್ಲಿ ಟೇ ಸೇತುವೆ ಬಿರುಗಾಳಿಗೆ ಕುಸಿದ ಮೇಲೆ, ಫೋರ್ತ್ ಸೇತುವೆ ಕಟ್ಟಿದ ಬೆಂಜಮಿನ್ ಬೇಕರ್ ಒಂದೇ ಜಾಗದಲ್ಲಿ ದೊಡ್ಡ ಹಲಗೆಯನ್ನೂ ಸಣ್ಣ ಹಲಗೆಯನ್ನೂ ನಿಲ್ಲಿಸಿ ಗಾಳಿಯ ಒತ್ತಡ ಅಳೆದರು. ಚದರ ಅಡಿಯ ಲೆಕ್ಕದಲ್ಲಿ ದೊಡ್ಡ ಹಲಗೆಯ ಮೇಲಿನ ಒತ್ತಡ ಕಡಿಮೆ ಬಂತು. 2015ರ ಕೋಷ್ಟಕದ ಹಿಂದಿರುವುದೂ ಅದೇ ವಿಚಾರ.

1987ರಲ್ಲಿ ಕಟ್ಟಡದ ಗಾತ್ರಕ್ಕೆ ತಕ್ಕಂತೆ ಎ, ಬಿ, ಸಿ ಎಂಬ ಮೂರು ವರ್ಗಗಳಿದ್ದವು. 20 ಮೀಟರಿಗಿಂತ ಸಣ್ಣದು, 20ರಿಂದ 50, ಅದಕ್ಕಿಂತ ದೊಡ್ಡದು. 2015ರಲ್ಲಿ ಅವು ಹೋಗಿ ಎಲ್ಲದಕ್ಕೂ ಒಂದೇ ಸಾಲು ಉಳಿಯಿತು. ಬಯಲಿನಲ್ಲಿ 10 ಮೀಟರ್ ಎತ್ತರಕ್ಕೆ ಹಿಂದೆ 1.00, 0.98, 0.93 ಇದ್ದ ಕಡೆ ಈಗ 1.00 ಮಾತ್ರ. ದೊಡ್ಡ ಕಟ್ಟಡಕ್ಕೆ ಮೊದಲು ವೇಗದಲ್ಲೇ ಸಿಗುತ್ತಿದ್ದ ರಿಯಾಯಿತಿ ಈಗ ವಿಸ್ತೀರ್ಣದ ಗುಣಕದಲ್ಲಿ ಸಿಗುತ್ತದೆ. ಹಳೆಯ ಕೋಷ್ಟಕದ ‘ಸಿ’ ಸಾಲನ್ನೂ ಹೊಸ ವಿಸ್ತೀರ್ಣ ಗುಣಕವನ್ನೂ ಒಟ್ಟಿಗೆ ಹಚ್ಚಿದವನು ಒಂದೇ ರಿಯಾಯಿತಿಯನ್ನು ಎರಡು ಸಲ ಪಡೆದಂತೆ.

## ಒಂದೇ ಶೆಡ್, ನಾಲ್ಕು ಉತ್ತರ

ಕೊಂಕಲ್ ಕಡೆಯ ಹೊಲದಲ್ಲಿ ತೊಗರಿ, ಹತ್ತಿ ಇಡಲು ಕಟ್ಟಿದ ಒಂದು ತಗಡಿನ ಶೆಡ್ ಎಂದುಕೊಳ್ಳಿ. ಎತ್ತರ 10 ಮೀಟರಿನೊಳಗೆ, ಸುತ್ತ ಬಯಲು, ನೆಲ ಸಪಾಟು. ಚಾವಣಿಗೆ ಎರಡು ಮಗ್ಗುಲು, ಇಳಿಜಾರು 10 ಡಿಗ್ರಿ. ಗೋಡೆಗಳಲ್ಲಿ ಮಧ್ಯಮ ಪ್ರಮಾಣದ ಕಿಂಡಿಗಳು. ಗಾಳಿ ತಾಗುವ ಮಗ್ಗುಲಿಗೆ ಹೊರ ಎಳೆತದ ಗುಣಾಂಕ 1.2, ಒಳ ತಳ್ಳಿನದು 0.5, ಎರಡೂ ಸೇರಿ 1.7. ತಗಡನ್ನು ಮೇಲೆತ್ತುವ ಬಲ ಚದರ ಮೀಟರಿಗೆ ಹೀಗಿರುತ್ತದೆ:

- ವೇಗ 39, 1987ರ ಆವೃತ್ತಿ: ಸುಮಾರು 158 ಕೆ.ಜಿ.
- ವೇಗ 39, 2015ರ ಆವೃತ್ತಿ: ಸುಮಾರು 142 ಕೆ.ಜಿ.
- ವೇಗ 44, 1987ರ ಆವೃತ್ತಿ: ಸುಮಾರು 201 ಕೆ.ಜಿ.
- ವೇಗ 44, 2015ರ ಆವೃತ್ತಿ: ಸುಮಾರು 181 ಕೆ.ಜಿ.

ಆವೃತ್ತಿ ಬದಲಾದರೆ ವ್ಯತ್ಯಾಸ ಶೇ 10. ವಲಯ ಬದಲಾದರೆ ಶೇ 27. ಸುತ್ತಲಿನ ಬಯಲನ್ನು ಮನೆಗಳಿರುವ ಪ್ರದೇಶವೆಂದು ಒಂದು ದರ್ಜೆ ಇಳಿಸಿ ಬರೆದರೆ ಶೇ 17. ಕಿಂಡಿಗಳು ತೀರಾ ಕಡಿಮೆ ಎಂದು ಭಾವಿಸಿ ಒಳ ತಳ್ಳನ್ನು 0.5ರ ಬದಲು 0.2 ಎಂದು ಹಿಡಿದರೆ ಶೇ 18ರಷ್ಟು ಬಲ ಕಾಗದದಿಂದ ಮಾಯವಾಗುತ್ತದೆ. ದೊಡ್ಡ ಬಾಗಿಲು ಹಾರುಹೊಡೆದು ಒಳ ತಳ್ಳು 0.7 ಆದರೆ ಅದಕ್ಕೂ ಮೇಲೆ. ‘ಯಾವ ಪುಸ್ತಕ?’ ಎಂಬ ಪ್ರಶ್ನೆಗಿಂತ ‘ಯಾವ ವಲಯ, ಎಂಥ ನೆಲ, ಎಷ್ಟು ಕಿಂಡಿ?’ ಎಂಬ ಪ್ರಶ್ನೆಗಳು ಶೆಡ್ಡಿನ ಹಣೆಬರಹವನ್ನು ಹೆಚ್ಚು ನಿರ್ಧರಿಸುತ್ತವೆ.

## ಪಟ್ಟಿಯಲ್ಲಿ ಹೆಸರಿಲ್ಲದ ಊರು

ಮಾನಕದ ಅನುಬಂಧದಲ್ಲಿ ಮುಖ್ಯ ನಗರಗಳ ಪಟ್ಟಿಯಿದೆ. 1987ರ ಪಟ್ಟಿಯಲ್ಲಿ ಬೆಂಗಳೂರು, ಮೈಸೂರಿಗೆ 33, ಮಂಗಳೂರಿಗೆ 39. ಕಲ್ಯಾಣ ಕರ್ನಾಟಕದ ಒಂದು ಊರೂ ಅದರಲ್ಲಿಲ್ಲ. ಯಾದಗಿರಿಗೆ ಆಗ್ನೇಯದ ಕರ್ನೂಲಿಗೆ 39, ಈಶಾನ್ಯದ ಹೈದರಾಬಾದಿಗೆ 44. ನೇರ ಗೆರೆ ಎಳೆದರೆ ಎರಡೂ ಯಾದಗಿರಿಯಿಂದ ನೂರೈವತ್ತು ಕಿ.ಮೀ. ಆಸುಪಾಸು. ‘ಹತ್ತಿರದ ದೊಡ್ಡ ಊರಿನದ್ದೇ ನಮಗೂ’ ಎಂಬ ಅಂದಾಜು ಇಲ್ಲಿ ನಡೆಯುವುದಿಲ್ಲ. ಬೆಂಗಳೂರಿನ ನಕಾಶೆಯನ್ನು ತಂದು ಹೊಲದಲ್ಲಿ ಶೆಡ್ ಎಬ್ಬಿಸುವುದಂತೂ ದೊಡ್ಡ ತಪ್ಪು. 33ರ ಲೆಕ್ಕಕ್ಕೆ ಕಟ್ಟಿದ ಚಾವಣಿಗೆ 39ರ ಗಾಳಿ ಶೇ 40ರಷ್ಟು ಹೆಚ್ಚಿನ ಬಲ ಹಾಕುತ್ತದೆ.

ಹೀಗಿರುವ ಊರುಗಳಿಗೆ ನಕ್ಷೆಯೇ ಆಧಾರ. ಕೇಂದ್ರ ಸರ್ಕಾರದ ಕಟ್ಟಡ ಸಾಮಗ್ರಿ ಮತ್ತು ತಂತ್ರಜ್ಞಾನ ಉತ್ತೇಜನಾ ಮಂಡಳಿ ಪ್ರಕಟಿಸುವ ಭಾರತದ ವಿಪತ್ತು ಅಟ್ಲಾಸಿನಲ್ಲೂ ಗಾಳಿ ವಲಯದ ನಕ್ಷೆಗಳಿವೆ. ಅದರ ಮೂರನೆಯ ಆವೃತ್ತಿ 2019ರದು. ಊರು ಎರಡು ವಲಯಗಳ ಗಡಿಗೆ ಹತ್ತಿರವಿದ್ದರೆ ಹೆಚ್ಚಿನ ವೇಗ ಹಿಡಿಯುವುದು ಜಾಣತನ. ಶೆಡ್ಡಿಗೆ ಇದರಿಂದ ತಗಲುವ ಹೆಚ್ಚುವರಿ ಖರ್ಚು ಕೆಲವು ಹುಕ್ಕು, ಬೋಲ್ಟು, ಒಂದೆರಡು ಆ್ಯಂಗಲಿನದು.

## ಅಂಕಿ ಬೆರೆತಾಗ ಆಗುವ ಎಡವಟ್ಟು

ಬೇರೆ ಬೇರೆ ಆವೃತ್ತಿಗಳ ಅಂಕಿಗಳನ್ನು ಬರಿ ಸಂಖ್ಯೆಯಾಗಿ ಹೋಲಿಸುವುದು ಸೇರು, ಪಾವು, ಕಿಲೋಗಳನ್ನು ಒಂದೇ ತಕ್ಕಡಿಗೆ ಹಾಕಿದಂತೆ. ಪ್ರತಿ ಅಂಕಿಯ ಹಿಂದೆ ಅದರದೇ ಲೆಕ್ಕದ ಪದ್ಧತಿ ಇರುತ್ತದೆ.

ಹಳೆಯ ಪದ್ಧತಿಯಲ್ಲಿ, ಗಾಳಿ ಬೀಸುವಾಗ ಉಕ್ಕಿಗೆ ಸಾಮಾನ್ಯಕ್ಕಿಂತ ಮೂರನೇ ಒಂದು ಭಾಗ ಹೆಚ್ಚು ಹೊರೆ ಹೊರಿಸಲು ಅನುಮತಿ ಇತ್ತು. ಉಕ್ಕಿನ ಕಟ್ಟಡಗಳ ಮಾನಕ ಐಎಸ್ 800ರ 2007ರ ಆವೃತ್ತಿ ಬಂದ ಮೇಲೆ ಗಾಳಿಭಾರವನ್ನೇ 1.5 ಪಟ್ಟು ಮಾಡಿ ಲೆಕ್ಕ ಹಾಕುವ ರೂಢಿ ಬಂತು. ಒತ್ತಡದ ಅಂಕಿ ಇಳಿದಂತೆ ಕಂಡರೂ ಮುಂದಿನ ಹೆಜ್ಜೆಯಲ್ಲಿ ಅದು ಏರಿರುತ್ತದೆ.

ಹೊಲಗಳ ನಡುವೆ ಹಾದುಹೋಗುವ ವಿದ್ಯುತ್ ಗೋಪುರಗಳಿಗೆ ಬೇರೆಯೇ ಮಾನಕ, ಐಎಸ್ 802. ಅಲ್ಲಿ ನಕ್ಷೆಯ ಅದೇ ವೇಗವನ್ನು 1.375ರಿಂದ ಭಾಗಿಸಿ 10 ನಿಮಿಷದ ಸರಾಸರಿಗೆ ಇಳಿಸುತ್ತಾರೆ. 39 ಅಲ್ಲಿ ಸುಮಾರು 28 ಆಗುತ್ತದೆ. ಗಾಳಿ ಕಡಿಮೆಯಾದದ್ದಲ್ಲ, ಗಡಿಯಾರ ಉದ್ದವಾದದ್ದು. ಬೀಸಿನ ಪರಿಣಾಮವನ್ನು ಮುಂದೆ ಬೇರೆ ಗುಣಕದಿಂದ ಸೇರಿಸುತ್ತಾರೆ.

ಅಮೆರಿಕದಲ್ಲೂ ಇದೇ ಗೊಂದಲ ಆಗಿತ್ತು. ಅಲ್ಲಿನ ಮಾನಕದ 2005ರ ಆವೃತ್ತಿಯಲ್ಲಿ ದೇಶದ ಬಹುಭಾಗಕ್ಕೆ ಗಂಟೆಗೆ 90 ಮೈಲು ಇದ್ದ ವೇಗ 2010ರ ಆವೃತ್ತಿಯಲ್ಲಿ 115ಕ್ಕೆ ಏರಿತು. ಜನ ಹೌಹಾರಿದ್ದೂ ಸಹಜ. ಆದರೆ ಒತ್ತಡ ಇದರಿಂದ 1.63 ಪಟ್ಟಾದರೆ, ಮೊದಲು ಕಡೆಯಲ್ಲಿ ಗುಣಿಸುತ್ತಿದ್ದ 1.6 ಎಂಬ ಭಾರಗುಣಕ 1ಕ್ಕೆ ಇಳಿಯಿತು. ಒಂದು ಜೇಬಿನ ಹಣ ಇನ್ನೊಂದು ಜೇಬಿಗೆ ಹೋದಂತೆ. ಹೊಸ ನಕ್ಷೆಯ ವೇಗಕ್ಕೆ ಹಳೆಯ 1.6 ಹಚ್ಚಿದವನ ಕಟ್ಟಡ ಅನಗತ್ಯವಾಗಿ ದುಬಾರಿಯಾಗುತ್ತದೆ; ಹಳೆಯ ವೇಗಕ್ಕೆ ಹೊಸ 1 ಹಚ್ಚಿದವನದು ಅಪಾಯಕ್ಕೆ ಸಿಲುಕುತ್ತದೆ.

## ‘50 ವರ್ಷಕ್ಕೊಮ್ಮೆ’ ಎಂಬ ಮಾತು

50 ವರ್ಷದ ಮರುಕಳಿಕೆ ಎಂದರೆ ಇಂದು ಬೀಸಿದರೆ ಇನ್ನು 50 ವರ್ಷ ನಿಶ್ಚಿಂತೆ ಎಂದಲ್ಲ. ಯಾವುದೇ ಒಂದು ವರ್ಷದಲ್ಲಿ ಆ ವೇಗ ಮೀರುವ ಸಂಭವ ಶೇ 2. ಕಟ್ಟಡ 50 ವರ್ಷ ನಿಂತರೆ ಅಷ್ಟರಲ್ಲಿ ಒಮ್ಮೆಯಾದರೂ ಮೀರುವ ಸಂಭವ ಶೇ 63ರ ಆಸುಪಾಸು. ಭಾರಗುಣಕಗಳು ಇರುವುದು ಇದಕ್ಕೇ.

ಕಟ್ಟಡದ ಆಯಸ್ಸು, ಮಹತ್ವಕ್ಕೆ ಸಂಬಂಧಿಸಿದ ಮೊದಲನೆಯ ಗುಣಕ ಇಲ್ಲಿ ಮುಖ್ಯ. 39ರ ವಲಯದಲ್ಲಿ, 5 ವರ್ಷದ ತಾತ್ಕಾಲಿಕ ಶೆಡ್ಡಿಗೆ ವೇಗವನ್ನು 0.76ಕ್ಕೆ ಇಳಿಸಬಹುದು, ಒತ್ತಡ ಶೇ 58ಕ್ಕೆ ಇಳಿಯುತ್ತದೆ. ಆಸ್ಪತ್ರೆಯಂಥ ಮಹತ್ವದ ಕಟ್ಟಡಕ್ಕೆ 1.06, ಒತ್ತಡ ಶೇ 12 ಏರುತ್ತದೆ. ನಮ್ಮಲ್ಲಿ ‘ಸದ್ಯಕ್ಕೆ’ ಎಂದು ಎಬ್ಬಿಸಿದ ಶೆಡ್ಡುಗಳು ಇಪ್ಪತ್ತು ವರ್ಷ ನಿಲ್ಲುತ್ತವೆ, ಅವುಗಳಲ್ಲಿ ಅಂಗಡಿ, ಗೋದಾಮು, ಕೆಲವು ಕಡೆ ಶಾಲೆಯ ಬಿಸಿಯೂಟವೂ ನಡೆಯುತ್ತದೆ. ತಾತ್ಕಾಲಿಕದ ರಿಯಾಯಿತಿ ಅಂಥವಕ್ಕೆ ಸಲ್ಲದು.

## ಹಳೆಯ ಕಟ್ಟಡಗಳ ಪ್ರಶ್ನೆ

ಹೊಸ ಆವೃತ್ತಿ ಬಂದೊಡನೆ ಹಳೆಯ ಕಟ್ಟಡ ಅಪಾಯಕಾರಿ ಆಗುವುದಿಲ್ಲ. ಅದು ತನ್ನ ಕಾಲದ ಮಾನಕಕ್ಕೆ ಸರಿಯಾಗಿ ಕಟ್ಟಿದ್ದರೆ ಹೊಸ ಲೆಕ್ಕದಲ್ಲೂ ಬಹುಪಾಲು ಹೊಂದಿಕೊಳ್ಳುತ್ತದೆ. ಆದರೆ ಬಳಕೆ ಬದಲಾದಾಗ, ಮೇಲಂತಸ್ತಿಗೆ ತಗಡು ಹಾಕುವಾಗ, ಚಾವಣಿಯ ಮೇಲೆ ಸೋಲಾರ್ ಫಲಕ ಕೂರಿಸುವಾಗ ಚಾಲ್ತಿಯ ಆವೃತ್ತಿಯಲ್ಲಿ ಹೊಸದಾಗಿ ಲೆಕ್ಕ ಹಾಕಬೇಕು. 2005ರ ರಾಷ್ಟ್ರೀಯ ಕಟ್ಟಡ ಸಂಹಿತೆ 1987ರ ಗಾಳಿಭಾರವನ್ನು, 2016ರ ಸಂಹಿತೆ 2015ರದನ್ನು ಅನುಸರಿಸುತ್ತದೆ. ನಕಾಶೆಯ ಮೂಲೆಯಲ್ಲಿ ಬರಿ ‘ಐಎಸ್ 875’ ಎಂದು ಬರೆದರೆ ಸಾಲದು. ವರ್ಷ, ಮೂಲ ವೇಗ, ನೆಲದ ದರ್ಜೆ ಮೂರನ್ನೂ ಬರೆಯಬೇಕು. ಮುಂದೆ ಅದನ್ನು ಓದುವವನಿಗೆ ಅಂಕಿ ಎಲ್ಲಿಂದ ಬಂತೆಂಬುದು ಆಗ ಮಾತ್ರ ತಿಳಿಯುತ್ತದೆ.

## ಮಾಳಿಗೆಯಿಂದ ತಗಡಿಗೆ

ಈ ಸೀಮೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಿಗೆ ಗಾಳಿಯ ಚಿಂತೆ ಇರಲಿಲ್ಲ. ಕಾಲು ಮೀಟರ್ ದಪ್ಪದ ಮಣ್ಣು ಚದರ ಮೀಟರಿಗೆ ನಾನೂರು ಕೆ.ಜಿ.ಯ ಆಸುಪಾಸು ತೂಗುತ್ತದೆ. 158 ಆಗಲಿ 201 ಆಗಲಿ, ಅದನ್ನು ಮೇಲೆತ್ತಲಾರದು. ಅರ್ಧ ಮಿಲಿಮೀಟರ್ ದಪ್ಪದ ತಗಡು ತೂಗುವುದು ಚದರ ಮೀಟರಿಗೆ ಸುಮಾರು 5 ಕೆ.ಜಿ. ಮಾಳಿಗೆ ಹೋಗಿ ಪತ್ರಾಸು ಬಂದ ದಿನವೇ ಮನೆಯ ಮುಖ್ಯ ಹೊರೆ ಗಾಳಿಯಾಯಿತು.

ಮೊದಲ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. 3 ಚದರ ಮೀಟರಿನ ಒಂದು ತಗಡನ್ನು ಕಲ್ಲಿನಿಂದಲೇ ಹಿಡಿದಿಡಬೇಕೆಂದರೆ 39ರ ಗಾಳಿಗೆ ಹಳೆಯ ಲೆಕ್ಕದಲ್ಲಿ ಸುಮಾರು 460 ಕೆ.ಜಿ., ಹೊಸ ಲೆಕ್ಕದಲ್ಲಿ 410 ಕೆ.ಜಿ. ಕಲ್ಲು ಬೇಕು. ಅಷ್ಟು ಕಲ್ಲನ್ನು ತಗಡು ಹೊರಲಾರದು. ಹೇರಿದ ನಾಲ್ಕಾರು ಕಲ್ಲು ಗಾಳಿಗೆ ಜಾರಿ ಕೆಳಗಿರುವವರ ತಲೆಯ ಮೇಲೆ ಬೀಳುತ್ತವೆ. ತಗಡನ್ನು ಹಿಡಿಯಬೇಕಾದ್ದು ಹುಕ್ಕು ಮತ್ತು ಬೋಲ್ಟು, ಅವನ್ನು ಹಿಡಿಯಬೇಕಾದ್ದು ಕೆಳಗಿನ ಪೈಪು, ಪೈಪನ್ನು ಕಂಬ, ಕಂಬವನ್ನು ನೆಲದೊಳಗಿನ ಕಾಂಕ್ರೀಟು. ಚಾವಣಿಯ ಅಂಚು, ಮೂಲೆ, ನೆತ್ತಿಯಲ್ಲಿ ಎಳೆತ ಹೆಚ್ಚೆಂದು 1987ರ ಮಾನಕವೂ 2015ರದೂ ಪ್ರತ್ಯೇಕ ಗುಣಾಂಕ ಕೊಟ್ಟಿವೆ. ಅಲ್ಲಿ ಹುಕ್ಕುಗಳು ಹತ್ತಿರ ಹತ್ತಿರ ಇರಬೇಕು. ಶೆಡ್ ಕಟ್ಟಿಸುವವರು ವೆಲ್ಡಿಂಗ್ ಅಂಗಡಿಯವರಿಗೆ ತಗಡಿನ ದರ ಕೇಳುವ ಮೊದಲು ಒಂದು ಮಾತು ಕೇಳಲಿ: ಈ ಕಂಬ ನೆಲಕ್ಕೆ ಎಷ್ಟು ಆಳ ಹೋಗಿದೆ, ಅದರ ಬುಡದಲ್ಲಿ ಎಷ್ಟು ಕಾಂಕ್ರೀಟ್ ಇದೆ?